ತಿಪಟೂರಲ್ಲಿ ಕರೆಂಟ್ ಹೋದಾಗ ಸಾಲ್ಟ್ ಲೇಕ್ ಸಿಟಿಯ ರೇಡಿಯೊ ನಿಲ್ಲಲಿಲ್ಲ

ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದೆ. ಊರು ಅಂದ್ರೆ ತಿಪಟೂರು ಹತ್ತಿರದ ಹಳ್ಳಿ, ತೆಂಗಿನ ತೋಟದ ಮಧ್ಯೆ ಮನೆ. ನಾನು ಓದುತ್ತಿರುವುದು ಅಮೆರಿಕದಲ್ಲಿ. ನನ್ನ ಪ್ರಯೋಗದ ರೇಡಿಯೊಗಳು ಇರುವುದು ಅಲ್ಲೇ ಇನ್ನೊಂದು ರಾಜ್ಯದಲ್ಲಿ, ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಆ ರೇಡಿಯೊಗಳನ್ನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಹಾಗಿರುವಾಗ ಹಾಸ್ಟೆಲ್ ರೂಮಿನಿಂದ ಕೆಲಸ ಮಾಡಿದರೇನು, ತೋಟದ ಮನೆಯಿಂದ ಮಾಡಿದರೇನು, ಎರಡೂ ಒಂದೇ ಅಲ್ವಾ ಅಂದುಕೊಂಡೆ. ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆಗೆದರೆ ಅಲ್ಲಿ ಬೆಳಿಗ್ಗೆ ಒಂಬತ್ತು. ಅಮ್ಮ ಮಾತ್ರ ನಾನು ಬೇರೆ ಯಾವುದೋ ದೇಶದ ಕ್ರಿಕೆಟ್ ನೋಡುತ್ತಿದ್ದೇನೆ ಅಂತ ಇವತ್ತಿಗೂ ನಂಬಿದ್ದಾರೆ.

ಆ ರೇಡಿಯೊಗಳು ಇರುವುದು ಒಂದು ಟೆಸ್ಟ್‌ಬೆಡ್‌ನಲ್ಲಿ, ಅಂದರೆ ದೂರದಿಂದಲೇ ಬಳಸಬಹುದಾದ ಪ್ರಯೋಗದ ಏರ್ಪಾಡಿನಲ್ಲಿ. ಅದರ ಹೆಸರು ಪೌಡರ್. ಯೂಟಾ ಯೂನಿವರ್ಸಿಟಿಯದು. ಕ್ಯಾಂಪಸ್ಸಿನ ಕಟ್ಟಡಗಳ ಮೇಲೆ, ನೆಲದ ಮಟ್ಟದಲ್ಲಿ, ಕ್ಯಾಂಪಸ್ ಶಟಲ್ ಬಸ್ಸುಗಳಲ್ಲಿ ಕೂಡ ರೇಡಿಯೊ ಕೂರಿಸಿದ್ದಾರೆ. ಎಲ್ಲವೂ ಸಾಫ್ಟ್‌ವೇರ್ ರೇಡಿಯೊಗಳು, ಅಂದರೆ ಏನು ಕಳಿಸಬೇಕು ಹೇಗೆ ಕಳಿಸಬೇಕು ಅನ್ನೋದನ್ನ ನಮ್ಮ ಕೋಡೇ ತೀರ್ಮಾನಿಸುತ್ತೆ. ಇದಲ್ಲದೆ ಒಳಗೆ ಲ್ಯಾಬಿನಲ್ಲಿ ಒಂದಷ್ಟು ರೇಡಿಯೊಗಳನ್ನು ಆಂಟೆನಾ ಇಲ್ಲದೆ ಕೇಬಲ್‌ನಲ್ಲೇ ಜೋಡಿಸಿದ್ದಾರೆ, ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್‌ಗಳು. ಹೊಸಬರಿಗೆ ಅದೇ ಒಳ್ಳೆಯದು, ಏನೇ ಎಡವಟ್ಟು ಮಾಡಿದರೂ ಸಿಗ್ನಲ್ ಕೇಬಲ್ ಬಿಟ್ಟು ಆಚೆ ಹೋಗೋದಿಲ್ಲ. ನಾನು ಶುರು ಮಾಡಿದ್ದೂ ಅಲ್ಲೇ. ಯಾಕೆ ಹೇಳ್ತಿದ್ದೀನಿ ಅಂತ ಮುಂದೆ ಗೊತ್ತಾಗುತ್ತೆ.

ನನ್ನ ಕೆಲಸ ಸ್ಪೆಕ್ಟ್ರಮ್, ಅಂದರೆ ರೇಡಿಯೊ ತರಂಗಗಳ ಜಾಗ, ಅದನ್ನ ಹಂಚುವ ಸಾಫ್ಟ್‌ವೇರ್ ಮೇಲೆ. ಇದನ್ನ ಇಲ್ಲೇ ಊರಲ್ಲಿ ಒಂದು ರೇಡಿಯೊ ತಂದು ಮಾಡಬಹುದಲ್ಲ ಅಂತ ಗೆಳೆಯನೊಬ್ಬ ಕೇಳಿದ. ಆಗಲ್ಲ. ನಾನು ಪ್ರಯೋಗ ಮಾಡುವುದು 3560 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ನಮ್ಮಲ್ಲಿ 3300ರಿಂದ 3670ರವರೆಗೆ 2022ರ ಹರಾಜಿಗೆ ಹೋಗಿ ಬಹುಪಾಲು 5ಜಿ ಕಂಪನಿಗಳ ಪಾಲಾಗಿದೆ. ಲೈಸೆನ್ಸ್ ಇಲ್ಲದೆ ಅಲ್ಲಿ ಬಾಯಿ ಬಿಟ್ಟರೆ ಅದು ಪ್ರಯೋಗ ಅಲ್ಲ, ಅಪರಾಧ. ಇದೇ 3560 ಅಮೆರಿಕದಲ್ಲಿ ಹಂಚಿಕೊಂಡು ಬಳಸುವ ಜಾಗ. ತರಂಗ ಅದೇ, ಗಾಳಿಯಲ್ಲಿ ಹರಡೋ ರೀತಿಯೂ ಅದೇ, ಕಾನೂನು ಮಾತ್ರ ಬೇರೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮಜಾ ಅನಿಸಿದ್ದು ಇದೇ.

ಅಲ್ಲಿನ ಏರ್ಪಾಡು ಹೀಗೆ. 3550ರಿಂದ 3700ರವರೆಗಿನ 150 ಮೆಗಾಹರ್ಟ್ಸ್‌ಗೆ ಸಿಬಿಆರ್‌ಎಸ್ ಅಂತ ಹೆಸರು, 2015ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ನಿಯಮ ಬರೆಯಿತು. ಮೊದಲ ಹಕ್ಕು ನೌಕಾಪಡೆಯ ರೇಡಾರ್ ಥರದ ಹಳೆಯ ಬಳಕೆದಾರರದ್ದು. ಆಮೇಲೆ 2020ರ ಹರಾಜಿನಲ್ಲಿ ಕೌಂಟಿ ಲೆಕ್ಕದಲ್ಲಿ ಹತ್ತು ಹತ್ತು ಮೆಗಾಹರ್ಟ್ಸ್ ಕೊಂಡವರದ್ದು. ಉಳಿದಿದ್ದರಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಆದರೆ ಯಾರೂ ತಾವಾಗೇ ಶುರು ಮಾಡುವ ಹಾಗಿಲ್ಲ. ಸ್ಯಾಸ್ ಅನ್ನೋ ಒಂದು ವ್ಯವಸ್ಥೆ ಇದೆ, ಅದನ್ನ ಕೇಳಬೇಕು. ಅದು ಲೆಕ್ಕ ಹಾಕಿ, ಈ ಜಾಗದಲ್ಲಿ ಇಷ್ಟು ಜೋರಿನಲ್ಲಿ ಇಷ್ಟು ಹೊತ್ತು ಅಂತ ಹೇಳುತ್ತೆ.

ನಮ್ಮ ಕಡೆಯವರಿಗೆ ಒಂದೇ ಪದದಲ್ಲಿ ಹೇಳಬಹುದು: ನೀರುಗಂಟಿ. ಕೆರೆ ಯಾರದ್ದೂ ಅಲ್ಲ, ತೂಬು ಎತ್ತೋನು ಮಾತ್ರ ಒಬ್ಬನೇ. ಯಾರ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ನೀರು ಅಂತ ಅವನ ತಲೆಯಲ್ಲಿರುತ್ತೆ. ನೀವು ಹೋಗಿ ಇಣುಕಿ ನೋಡಿ, ಕಾಲುವೆಯಲ್ಲಿ ಯಾರೂ ನೀರು ತಿರುಗಿಸಿಕೊಂಡಿಲ್ಲ, ಹಾಗಾಗಿ ನಾನು ತಿರುಗಿಸ್ತೀನಿ ಅನ್ನೋ ಹಾಗಿಲ್ಲ. ಯಾಕಂದ್ರೆ ನೀವು ನೋಡಿದ್ದು ನಿಮ್ಮ ಬದುವಿನಿಂದ ಕಾಣೋ ಕಾಲುವೆಯನ್ನ ಮಾತ್ರ.

ರೇಡಿಯೊದಲ್ಲೂ ಇದೇ ತೊಂದರೆ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ, ಮೊದಲು ಕಿವಿಗೊಟ್ಟು ಕೇಳು, ಖಾಲಿ ಇದ್ದರೆ ಮಾತಾಡು, ಇದಕ್ಕೆ ಇಷ್ಟು ದೊಡ್ಡ ಸಾಫ್ಟ್‌ವೇರ್ ಯಾಕೆ ಅಂದುಕೊಂಡಿದ್ದೆ. 10 ಮೆಗಾಹರ್ಟ್ಸ್ ಅಗಲಕ್ಕೆ ಬರೀ ಉಷ್ಣದಿಂದ ಹುಟ್ಟೋ ಗೊಜಗೊಜವೇ (ನಾಯ್ಸ್) ಸುಮಾರು ಮೈನಸ್ 104 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಇರುತ್ತೆ, ಅದಕ್ಕಿಂತ ಕೆಳಗಿನದ್ದು ಸುಲಭಕ್ಕೆ ಕಾಣಲ್ಲ. ಅದಿರಲಿ, ಕಟ್ಟಡದ ಆ ಬದಿಯಲ್ಲಿ ಒಬ್ಬ ಕಳಿಸುತ್ತಿದ್ದಾನೆ, ನನಗೆ ಗೋಡೆ ಅಡ್ಡ, ನನಗೆ ಅವನು ಕೇಳಿಸಲ್ಲ, ಆದರೆ ಮೂಲೆಯಲ್ಲಿ ನಿಂತು ಅವನ ಮಾತು ಕೇಳುತ್ತಿರೋನಿಗೆ ಇಬ್ಬರೂ ಕೇಳಿಸುತ್ತೇವೆ. ನಾನು ಖಾಲಿ ಇದೆ ಅಂತ ಶುರು ಮಾಡಿದರೆ ಕೆಡೋದು ಆ ಮೂರನೆಯವನಿಗೆ. ಆದ್ದರಿಂದ ಕಿವಿ ಸಾಲದು, ಊರಿನ ನಕ್ಷೆ ತಲೆಯಲ್ಲಿರೋ ನೀರುಗಂಟಿ ಬೇಕು.

ಟೆಸ್ಟ್‌ಬೆಡ್‌ನಲ್ಲಿ ಈ ಕೆಲಸಕ್ಕೆ ನಾನು ಬಳಸಿದ್ದು ಓಪನ್‌ಝಡ್‌ಎಂಎಸ್. ಯೂಟಾದವರೇ ಬರೆದಿರೋ ಓಪನ್ ಸೋರ್ಸ್. ಒಂದು ಪ್ರದೇಶವನ್ನ ವಲಯ ಅಂತ ಹಿಡಿದು, ಅದರೊಳಗೆ ಯಾರ ರೇಡಿಯೊಗಳಿವೆ, ಯಾರ ಹತ್ತಿರ ಹಂಚಲು ಸ್ಪೆಕ್ಟ್ರಮ್ ಇದೆ, ಯಾರಿಗೆ ಬೇಕು ಅಂತ ಲೆಕ್ಕ ಇಡುತ್ತೆ. ಬೇಕಾದವರಿಗೆ ಗ್ರಾಂಟ್, ಅಂದರೆ ಬಳಸೋ ಅನುಮತಿ, ಕೊಡುತ್ತೆ, ಬೇಕಾದರೆ ತಡೆಯುತ್ತೆ, ವಾಪಸ್ಸೂ ಕಿತ್ತುಕೊಳ್ಳುತ್ತೆ. ಸಿಗ್ನಲ್ ಎಲ್ಲೆಲ್ಲಿಗೆ ಎಷ್ಟು ಮುಟ್ಟುತ್ತೆ ಅಂತ ಅಂದಾಜಿಡೋ ಭಾಗ ಬೇರೆ, ಯಾರು ಯಾರು ಅಂತ ಗುರುತು ಹಿಡಿಯೋ ಭಾಗ ಬೇರೆ, ಹೀಗೆ ಸಣ್ಣ ಸಣ್ಣ ಸರ್ವಿಸ್‌ಗಳು. ಕಲಿಯೋಕೆ ನನ್ನದೇ ಒಂದು ಪ್ರತಿಯನ್ನ ಟೆಸ್ಟ್‌ಬೆಡ್‌ನ ಒಂದು ಸರ್ವರ್ ಮೇಲೆ ಡಾಕರ್‌ನಲ್ಲಿ ಓಡಿಸಿದೆ.

ಅಕೌಂಟ್ ಮಾಡೋದು, ಪ್ರಾಜೆಕ್ಟ್‌ಗೆ ಸೇರೋದು, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗೋ ದಾರಿ) ಕೀ ಹಾಕೋದು, ಇದೆಲ್ಲ ಹೆಚ್ಚು ಹೇಳೋಕಿಲ್ಲ. ಗೈಡ್ ಪ್ರಾಜೆಕ್ಟ್ ತೆರೆದಿದ್ದರೆ ಅರ್ಧ ದಿನದ ಕೆಲಸ. ತಿಳಿದಿರಬೇಕಾದ್ದು ಎರಡು ಮಾತು. ಅಲ್ಲಿ ಪ್ರಯೋಗ ಅಂದರೆ ಒಂದು ಪ್ರೊಫೈಲ್, ಅಂದರೆ ನನಗೆ ಈ ರೇಡಿಯೊ, ಈ ಸರ್ವರ್, ಈ ಜೋಡಣೆ ಬೇಕು ಅಂತ ಪೈಥಾನ್‌ನಲ್ಲಿ ಬರೆದ ಒಂದು ಫೈಲ್. ಅದನ್ನ ಗಿಟ್‌ನಲ್ಲಿ ಇಟ್ಟರೆ ಪ್ರತಿ ಸಲ ಯಂತ್ರ ಎದ್ದಾಗ ಕೋಡ್ ತಾನೇ ಬಂದು ಕೂರುತ್ತೆ. ಎರಡನೆಯದು, ಅವಧಿ ಮುಗಿಯಿತು ಅಂದರೆ ಮುಗಿಯಿತು, ಡಿಸ್ಕ್ ಒರೆಸಿ ಯಂತ್ರವನ್ನ ಬೇರೆಯವರಿಗೆ ಕೊಡುತ್ತಾರೆ. ಪ್ರಾಜೆಕ್ಟ್‌ನ ಹಂಚಿಕೆ ಡೈರೆಕ್ಟರಿಯಲ್ಲಿ ಇಟ್ಟಿದ್ದು ಮಾತ್ರ ಉಳಿಯುತ್ತೆ. ನಾನು ಒಂದು ಸಂಜೆಯ ರೆಕಾರ್ಡಿಂಗ್ ಪೂರ್ತಿ ಹೀಗೆ ಕಳೆದುಕೊಂಡು ಕಲಿತೆ. ತಪ್ಪು ನನ್ನದೇ, ಮುಗಿಯುವ ಮೊದಲು ಎಚ್ಚರಿಕೆಯ ಮೇಲ್ ಬಂದಿತ್ತು, ನಾನು ಒಬ್ಬಟ್ಟು ತಿನ್ನುತ್ತಾ ಕೂತಿದ್ದೆ.

ಮೊದಲ ಎರಡು ದಿನ ನನಗೆ ಎಲ್ಲಿ ಟ್ಯೂನ್ ಮಾಡಿದರೂ ಯಾರೋ ಇದ್ದಾರೆ ಅಂತ ಕಾಣುತ್ತಿತ್ತು. 3560ಕ್ಕೆ ಹೋದರೆ ಸರಿಯಾಗಿ 3560ರಲ್ಲಿ ಒಂದು ಗೂಟ. 3580ಕ್ಕೆ ಹೋದರೆ ಅದೂ ಹಿಂದೆಯೇ ಬಂದು 3580ರಲ್ಲಿ. ಕೇಬಲ್‌ನಲ್ಲಿ ಜೋಡಿಸಿದ ರೇಡಿಯೊಗೆ ಯಾರು ಬಂದು ಮಾತಾಡಿಸುತ್ತಾರೆ? ಆಮೇಲೆ ಹೊಳೆಯಿತು, ಅದು ಸಿಗ್ನಲ್ಲೇ ಅಲ್ಲ. ಇಂಥ ರೇಡಿಯೊಗಳಲ್ಲಿ ನಟ್ಟನಡುವೆ ಡಿಸಿ ಆಫ್‌ಸೆಟ್ ಅಂತ ಒಂದು ಸುಳ್ಳು ಗೆರೆ ಬರುತ್ತೆ, ರೇಡಿಯೊ ತನ್ನದೇ ಗಂಟಲು ಕೆರೆಯೋ ಸದ್ದು ಅನ್ನಿ. ಟ್ಯೂನ್ ಮಾಡೋಕೆ ರೇಡಿಯೊ ಒಳಗಿರೋ ಲೋಕಲ್ ಆಸಿಲೇಟರ್ ಅನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ ಟ್ಯೂನ್ ಮಾಡಿದರೆ ಅದು ನಮಗೆ ಬೇಕಾದ ಅಗಲದಿಂದ ಆಚೆ ಹೋಗುತ್ತೆ. ಈ ರೇಡಿಯೊಗಳನ್ನ ನಡೆಸೋ ಸಾಫ್ಟ್‌ವೇರ್ ಯುಎಚ್‌ಡಿಯಲ್ಲಿ ಅದಕ್ಕೆ ಒಂದು ಆಯ್ಕೆಯೇ ಇದೆ. ನನ್ನ ಖಾಲಿ ಜಾಗ ಹುಡುಕೋ ಕೋಡ್ ಎರಡು ದಿನ ತನ್ನನ್ನ ತಾನೇ ನೋಡಿ ಹೆದರುತ್ತಿತ್ತು.

ಇನ್ನೊಂದು ಗೊಂದಲ ಗೇನ್‌ನದ್ದು. ಗ್ರಾಂಟ್ ಮಾತಾಡೋದು ಡಿಬಿಎಂ ಭಾಷೆಯಲ್ಲಿ, ಆಂಟೆನಾದಿಂದ ಹೊರಗೆ ನಿಜವಾಗಿ ಎಷ್ಟು ಹೋಗಬಹುದು ಅಂತ. ಸಿಬಿಆರ್‌ಎಸ್‌ನಲ್ಲಿ ಸಣ್ಣ ಪೆಟ್ಟಿಗೆಗೆ 10 ಮೆಗಾಹರ್ಟ್ಸ್‌ಗೆ 30 ಡಿಬಿಎಂ, ಅಂದರೆ ಒಂದು ವ್ಯಾಟ್. ದೊಡ್ಡದಕ್ಕೆ 47, ಅಂದರೆ ಸುಮಾರು 50 ವ್ಯಾಟ್. ಆದರೆ ಯುಎಚ್‌ಡಿಯಲ್ಲಿ ನಾವು ಕೊಡೋದು ಗೇನ್ 10, ಗೇನ್ 20 ಅಂತ, ಅದು ರೇಡಿಯೊ ಒಳಗಿನ ತಿರುಪು ಅಷ್ಟೇ, ಅದಕ್ಕೂ ವ್ಯಾಟ್‌ಗೂ ನೇರ ಸಂಬಂಧ ಇಲ್ಲ. ಗೇನ್ 20 ಅಂದರೆ 20 ಡಿಬಿಎಂ ಅಂತ ತಿಳಿದು ಕೋಡ್ ಬರೆದವರಲ್ಲಿ ನಾನೂ ಒಬ್ಬ. ಪ್ರತಿ ಫ್ರೀಕ್ವೆನ್ಸಿಯಲ್ಲಿ ಅಳೆದು, ಕೇಬಲ್‌ನಲ್ಲಿ ಸೋರಿದ್ದು ಕಳೆದು, ಆಂಟೆನಾ ಕೂಡಿಸಿದ್ದು ಸೇರಿಸಿ ಒಂದು ಕೋಷ್ಟಕ ಮಾಡಿಕೊಳ್ಳಬೇಕು. ಬೇಸರದ ಕೆಲಸ. ಬಿಟ್ಟರೆ ಗ್ರಾಂಟ್‌ನಲ್ಲಿ ಬರೆದ ಮಿತಿಗೆ ಅರ್ಥವೇ ಇಲ್ಲ.

ಗಡಿಯಾರದ ಕತೆ ಕೇಳಿ. ರಾತ್ರಿ 10 ಗಂಟೆ 10 ನಿಮಿಷಕ್ಕೆ ಶುರುವಾಗೋ ಹಾಗೆ ಗ್ರಾಂಟ್ ಕೇಳಿದೆ. ಒಪ್ಪಿಗೆಯೂ ಬಂತು. ಆದರೆ ಚಾಲೂ ಆಗಲಿಲ್ಲ. ಐದು ನಿಮಿಷ ನೋಡಿದೆ, ಅರ್ಧ ಗಂಟೆ ನೋಡಿದೆ, ಸರ್ವಿಸ್‌ಗಳನ್ನೆಲ್ಲ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಕೊನೆಗೆ ನೋಡಿದರೆ ನನ್ನ ಸ್ಕ್ರಿಪ್ಟ್ ಲ್ಯಾಪ್‌ಟಾಪ್‌ನ ಭಾರತೀಯ ಸಮಯ ತೆಗೆದುಕೊಂಡು ಅದರ ಬಾಲಕ್ಕೆ, ಇದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಂತ ಹೇಳೋ ಝಡ್ ಅಕ್ಷರ ಅಂಟಿಸುತ್ತಿತ್ತು. ನಾನು ಕೇಳಿದ ಗ್ರಾಂಟ್ ಬೆಳಗಿನ ಜಾವ ಮೂರು ನಲವತ್ತಕ್ಕೆ ಶುರುವಾಗಬೇಕಿತ್ತು. ಅದು ಸರಿಯಾಗೇ ಕಾಯುತ್ತಿತ್ತು, ನಾನು ಸುಮ್ನೆ ಬೈಯುತ್ತಿದ್ದೆ. ಅಮೆರಿಕದಲ್ಲಿ ಕೂತು ಬರೆದಾಗ ಇದೇ ತಪ್ಪು ಹೇಗೆ ಮುಚ್ಚಿಹೋಗಿತ್ತು ಗೊತ್ತಾ? ಅಲ್ಲಿನ ಸಮಯ ಯುಟಿಸಿಗಿಂತ ಹಿಂದೆ, ಹಾಗಾಗಿ ಶುರುವಿನ ಹೊತ್ತು ಯಾವಾಗಲೋ ಕಳೆದಿರುತ್ತಿತ್ತು, ಗ್ರಾಂಟ್ ತಕ್ಷಣ ಚಾಲೂ ಆಗುತ್ತಿತ್ತು. ಮುಗಿಯೋ ಹೊತ್ತನ್ನ ಇಡೀ ಒಂದು ದಿನ ಮುಂದಕ್ಕೆ ಕೊಟ್ಟಿದ್ದರಿಂದ ಅನುಮಾನವೇ ಬರಲಿಲ್ಲ.

ಇಷ್ಟೆಲ್ಲ ಸರಿ ಮಾಡಿ, ಎಲ್ಲ ಚೆನ್ನಾಗಿ ಓಡುತ್ತಿದ್ದ ರಾತ್ರಿ ಕರೆಂಟ್ ಹೋಯಿತು.

ನನ್ನ ಏರ್ಪಾಡು ಹೀಗಿತ್ತು. ಗ್ರಾಂಟ್ ಕೇಳೋ ಕ್ಲೈಂಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ. ಅದು ಹತ್ತು ನಿಮಿಷದ ಗ್ರಾಂಟ್ ಕೇಳೋದು, ಒಪ್ಪಿಗೆ ಬಂದರೆ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಅಲ್ಲಿನ ರೇಡಿಯೊದಲ್ಲಿ ಕಳಿಸೋ ಪ್ರೋಗ್ರಾಂ ಶುರು ಮಾಡೋದು, ಮುಗಿಯೋ ಮೊದಲು ಮತ್ತೆ ಕೇಳೋದು, ಇಲ್ಲ ಅಂದರೆ ಹೋಗಿ ನಿಲ್ಲಿಸೋದು. ಎಸ್‌ಎಸ್‌ಎಚ್ ಪದೇ ಪದೇ ಕಡಿದು ಹೋಗುತ್ತೆ ಅಂತ ಜಾಣತನ ಮಾಡಿ ಆ ಪ್ರೋಗ್ರಾಂ ಅನ್ನ ಟಿಮಕ್ಸ್ ಒಳಗೆ ಬಿಟ್ಟಿದ್ದೆ, ಸಂಪರ್ಕ ಹೋದರೂ ಅದು ಸಾಯದಿರಲಿ ಅಂತ. ಎಲ್ಲ ಕಡೆ ಹೇಳಿಕೊಡೋದೂ ಅದೇ ತಾನೆ, ದೂರದ ಯಂತ್ರದಲ್ಲಿ ಕೆಲಸ ಮಾಡುವಾಗ ಟಿಮಕ್ಸ್ ಬಳಸಿ ಅಂತ.

ಕರೆಂಟ್ ಜೊತೆ ರೂಟರ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಲೇ ಇತ್ತು, ಕ್ಲೈಂಟ್ ಸರ್ವರ್ ಸಿಗ್ತಿಲ್ಲ ಸರ್ವರ್ ಸಿಗ್ತಿಲ್ಲ ಅಂತ ಬರೆಯುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟ್ ಹಾಕೋಣ ಅಂದರೆ ನಮ್ಮ ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ, ಅದೂ ಕರೆಂಟ್ ಹೋದ ಮೇಲೆ ಮಾಯ. ಟಾರ್ಚ್ ಹಿಡಿದು ಕಣದ ತುದಿಯವರೆಗೆ ನಡೆದು ಹೋಗಿ ನೋಡಿದೆ, ಅಲ್ಲೂ ಇಲ್ಲ. ಆಮೇಲೆ ನೆನಪಾಯಿತು, ಅಲ್ಲಿ ರೇಡಿಯೊ ಓಡ್ತಾ ಇದೆಯಲ್ಲ ಅಂತ.

ಸುಮಾರು ನಲವತ್ತು ನಿಮಿಷ ಬಿಟ್ಟು ಕರೆಂಟ್ ಬಂತು. ಇನ್ನೊಂದು ರೇಡಿಯೊದಲ್ಲಿ ಪ್ರತಿ ಸೆಕೆಂಡಿಗೆ ಸಿಗ್ನಲ್ ಎಷ್ಟಿದೆ ಅಂತ ಬರೆದಿಡೋ ಹಾಗೆ ಮಾಡಿದ್ದೆ. ಆ ಲಾಗ್ ತೆಗೆದು ನೋಡಿದೆ. ಓಪನ್‌ಝಡ್‌ಎಂಎಸ್ ಲೆಕ್ಕದಲ್ಲಿ ನನ್ನ ಗ್ರಾಂಟ್ ಯಾವಾಗಲೋ ಮುಗಿದು ಆ ಜಾಗ ಖಾಲಿ. ಲಾಗ್‌ನಲ್ಲಿ ನೋಡಿದರೆ ನನ್ನ ಸಿಗ್ನಲ್ ಒಂದು ಚೂರೂ ಅಲುಗಾಡದೆ ನೆಟ್ಟಗೆ ನಿಂತಿದೆ. ಪಂಪ್‌ಸೆಟ್ ಹಾಕಿ ಮದುವೆ ಮನೆಗೆ ಹೋದ ಹಾಗೆ. ಆ ಹೊತ್ತಲ್ಲಿ ನೀರುಗಂಟಿ ಇನ್ನೊಬ್ಬರಿಗೆ ಸರದಿ ಕೊಟ್ಟಿದ್ದರೆ? ಕೇಬಲ್ ಆದ್ದರಿಂದ ಬಚಾವ್. ಆಂಟೆನಾ ಇರೋ ರೇಡಿಯೊ ಆಗಿದ್ದರೆ ಮೇಲ್ ಬರೆದು ಕ್ಷಮೆ ಕೇಳೋ ಕೆಲಸ ಇರುತ್ತಿತ್ತು.

ಅವತ್ತು ರಾತ್ರಿ ಕೂತು ಸಿಬಿಆರ್‌ಎಸ್‌ನ ಹಾರ್ಟ್‌ಬೀಟ್ ಭಾಗವನ್ನ ಮತ್ತೆ ಓದಿದೆ. ಮೊದಲು ಓದಿದಾಗ ಇದೊಂದು ಸುಮ್ಮನೆ ಹಾಜರಾತಿ ಅಂದುಕೊಂಡು ದಾಟಿದ್ದೆ. ಅದು ಹಾಗಲ್ಲ. ಅಲ್ಲಿ ಗ್ರಾಂಟ್ ಸಿಕ್ಕ ಮಾತ್ರಕ್ಕೆ ಕಳಿಸುವ ಹಾಗೇ ಇಲ್ಲ. ಗ್ರಾಂಟ್ ಆದ ಮೇಲೆ ರೇಡಿಯೊ ಪೆಟ್ಟಿಗೆ ಆಗಾಗ ಸ್ಯಾಸ್‌ಗೆ ಹಾರ್ಟ್‌ಬೀಟ್ ಅನ್ನೋ ಸಣ್ಣ ಸಂದೇಶ ಕಳಿಸಬೇಕು, ಅದಕ್ಕೆ ಬರೋ ಉತ್ತರದಲ್ಲಿ ಇಂಥ ಹೊತ್ತಿನವರೆಗೆ ಕಳಿಸಬಹುದು ಅಂತ ಒಂದು ಸಮಯ ಇರುತ್ತೆ. ಮೂಲ ನಿಯಮದಲ್ಲಿ ಆ ಸಮಯ ಹೆಚ್ಚೆಂದರೆ 240 ಸೆಕೆಂಡ್ ಮುಂದಿನದು. ಅದು ದಾಟಿದರೆ 60 ಸೆಕೆಂಡ್ ಒಳಗೆ ಪೆಟ್ಟಿಗೆ ಬಾಯಿ ಮುಚ್ಚಬೇಕು. ಎರಡೂ ಸೇರಿ 300 ಸೆಕೆಂಡ್, ಐದು ನಿಮಿಷ. ಸಮುದ್ರದಲ್ಲಿ ರೇಡಾರ್ ಕಂಡಿತು ಅಂತ ಸುದ್ದಿ ಬಂದ ಮೇಲೆ ಜಾಗ ಖಾಲಿ ಮಾಡಿಸೋಕೆ ಸ್ಯಾಸ್‌ಗೆ ಇರೋ ಗಡುವೂ ಅದೇ 300. ನೆಟ್‌ವರ್ಕ್ ಕಡಿದು ಹೋಗಿ ಸ್ಯಾಸ್‌ಗೆ ನಿಲ್ಲಿಸು ಅಂತ ಹೇಳೋಕೇ ಆಗದಿದ್ದರೂ ಪೆಟ್ಟಿಗೆ ತಾನಾಗೇ ನಿಲ್ಲಬೇಕು, ಅದಕ್ಕೇ ಈ ಲೆಕ್ಕ. ಯೂಟಾಕ್ಕೆ ಸಮುದ್ರವೇ ಇಲ್ಲ ಅನ್ನೋದು ಬೇರೆ ಮಾತು.

ನನ್ನ ಕೋಡ್‌ನಲ್ಲಿ ಇದು ಉಲ್ಟಾ ಇತ್ತು. ಯಾರಾದರೂ ಬಂದು ನಿಲ್ಲಿಸೋವರೆಗೆ ಓಡು ಅಂತ ಬರೆದಿದ್ದೆ. ಬೇಕಿದ್ದದ್ದು, ಯಾರಾದರೂ ಬಂದು ಓಡು ಅಂತ ಹೇಳುತ್ತಲೇ ಇರೋವರೆಗೆ ಓಡು.

ತಿದ್ದೋಕೆ ಹೋದಾಗ ಮೊದಲ ಸಲವೂ ತಪ್ಪಾಯಿತು. ರೇಡಿಯೊ ಇರೋ ಯಂತ್ರದಲ್ಲೇ ಒಂದು ಕಾವಲುಗಾರ ಪ್ರೋಗ್ರಾಂ ಬರೆದೆ, ಅನುಮತಿಯ ಹೊತ್ತು ಮುಗಿದರೆ ಅದು ಕಳಿಸೋ ಪ್ರೋಗ್ರಾಂ ಅನ್ನ ಕೊಲ್ಲುತ್ತೆ. ಚೆನ್ನಾಗೇ ಕೆಲಸ ಮಾಡಿತು. ಆಮೇಲೆ ಕೀಟಲೆಗೆ ಕಾವಲುಗಾರನನ್ನೇ ಕೊಂದು ನೋಡಿದೆ. ಕಳಿಸೋ ಪ್ರೋಗ್ರಾಂ ಅನಾಥವಾಗಿ ಆರಾಮಾಗಿ ಮುಂದುವರೆಯಿತು! ಹಾಗಾಗಿ ಕಾವಲುಗಾರನನ್ನ ತೆಗೆದು, ಕಳಿಸೋ ಲೂಪ್‌ನ ಒಳಗೇ ಪರೀಕ್ಷೆ ಇಟ್ಟೆ. ಪ್ರತಿ ತುಂಡು ಸ್ಯಾಂಪಲ್ (ಸಿಗ್ನಲ್‌ನ ಅಂಕಿಗಳು) ರೇಡಿಯೊಗೆ ಕೊಡೋ ಮುಂಚೆ ಅನುಮತಿ ಇನ್ನೂ ಇದೆಯಾ ಅಂತ ನೋಡು, ಇಲ್ಲದಿದ್ದರೆ ಕೊಡಬೇಡ. ಆ ಪ್ರೋಗ್ರಾಂ ಸತ್ತೇ ಹೋದರೂ ಚಿಂತೆ ಇಲ್ಲ, ಸ್ಯಾಂಪಲ್ ಬರೋದು ನಿಂತರೆ ಈ ರೇಡಿಯೊಗಳಿಗೆ ಕಳಿಸಲು ಏನೂ ಇರಲ್ಲ, ಸುಮ್ಮನಾಗುತ್ತವೆ. ಪ್ರೋಗ್ರಾಂ ಬದುಕಿದ್ದೂ ಸ್ಯಾಂಪಲ್ ಕೊಡದಿದ್ದರೆ ಪರದೆ ಮೇಲೆ ಒಂದು ಯು ಅಕ್ಷರ ಮೂಡುತ್ತೆ. ಹೊಸಬರು ಆ ಯು ಕಂಡರೆ ಗಾಬರಿಯಾಗ್ತಾರೆ. ನನಗೆ ಅವತ್ತು ಅದನ್ನ ನೋಡಿ ಸಮಾಧಾನ ಆಯಿತು.

ಹೊತ್ತು ನೋಡೋಕೂ ಗೋಡೆ ಗಡಿಯಾರದ ಥರದ ಸಮಯ ಬಿಟ್ಟೆ. ಯಂತ್ರದ ಗಡಿಯಾರವನ್ನ ಯಾರಾದರೂ ಸರಿಪಡಿಸಿದರೆ ಅದು ಹಿಂದಕ್ಕೂ ಹಾರಬಹುದು, ಆಗ ಅನುಮತಿ ಉದ್ದವಾಗಿಬಿಡುತ್ತೆ. ಮುಂದಕ್ಕೆ ಮಾತ್ರ ಓಡೋ ಮಾನೊಟೋನಿಕ್ ಗಡಿಯಾರ ಇಟ್ಟುಕೊಂಡು, ಅನುಮತಿ ಬಂದ ಕ್ಷಣದಿಂದ ಇಷ್ಟು ಸೆಕೆಂಡ್ ಅಂತ ಎಣಿಸಿದೆ. ಝಡ್ ಅಕ್ಷರದ ಕಾಟವೂ ಇದರಿಂದ ಅಲ್ಲಿಗೆ ಕಮ್ಮಿಯಾಯಿತು.

ಗ್ರಾಂಟ್ ಕೇಳೋ ಕ್ಲೈಂಟ್ ಮಾತ್ರ ಬೇಕಂತಲೇ ಲ್ಯಾಪ್‌ಟಾಪ್‌ನಲ್ಲೇ ಉಳಿಸಿಕೊಂಡೆ. ಅದನ್ನೂ ಅಲ್ಲಿಗೆ ಹಾಕಿದ್ದರೆ ಸಂಪರ್ಕ ಯಾವತ್ತೂ ಕಡಿಯಲ್ಲ, ಪರೀಕ್ಷೆಯೂ ಆಗಲ್ಲ. ಸಿಬಿಆರ್‌ಎಸ್‌ನಲ್ಲೂ ಎಷ್ಟೋ ಪೆಟ್ಟಿಗೆಗಳು ಡೊಮೇನ್ ಪ್ರಾಕ್ಸಿ ಅನ್ನೋ ಮಧ್ಯವರ್ತಿಯ ಮೂಲಕವೇ ಸ್ಯಾಸ್ ಜೊತೆ ಮಾತಾಡೋದು, ಆ ಮಧ್ಯವರ್ತಿ ಎಲ್ಲೋ ದೂರದಲ್ಲಿರುತ್ತಾನೆ, ಅವನ ಮನೆಯಲ್ಲೂ ಕರೆಂಟ್ ಹೋಗಬಹುದು. ಒಂದೊಂದು ನಿಮಿಷಕ್ಕೆ ಹಾರ್ಟ್‌ಬೀಟ್ ಹಾಕಿ, ಅನುಮತಿಯ ಉದ್ದ ಎರಡು ನಿಮಿಷ ಇಟ್ಟಿದ್ದೇನೆ. ಒಂದು ಬಡಿತ ತಪ್ಪಿದರೆ ಪರವಾಗಿಲ್ಲ, ಎರಡು ತಪ್ಪಿದರೆ ಮೌನ.

ಆಂಟೆನಾ ಇರೋ ರೇಡಿಯೊ ಬೇಕು ಅಂತ ಈಗ ಕಾಯ್ದಿರಿಸಿದ್ದೇನೆ. ಅಲ್ಲಿ ಯಾವ ಫ್ರೀಕ್ವೆನ್ಸಿಯಿಂದ ಯಾವ ಫ್ರೀಕ್ವೆನ್ಸಿವರೆಗೆ ಕಳಿಸ್ತೀರಿ ಅಂತ ಮೊದಲೇ ಬರೆದು ಕೊಡಬೇಕು. ಸಾಲ್ಟ್ ಲೇಕ್ ಸಿಟಿಯ ಈ ಜಾಗವನ್ನ ಎಫ್‌ಸಿಸಿ 2019ರಲ್ಲೇ ಇನ್ನೋವೇಶನ್ ಝೋನ್, ಅಂದರೆ ಪ್ರಯೋಗಕ್ಕೆ ಬಿಟ್ಟ ಜಾಗ, ಅಂತ ಗುರುತಿಸಿತ್ತು, ಆದರೂ ಬಾಯಿಗೆ ಬಂದ ಹಾಗೆ ಬಳಸೋಕಲ್ಲ. ಅಷ್ಟರೊಳಗೆ ಕೇಬಲ್ ಮೇಲೆ ಇನ್ನೂ ನಾಲ್ಕಾರು ಸಲ ಸಂಪರ್ಕ ಕಡಿದು ನೋಡಬೇಕು, ಪ್ರತಿ ಸಲವೂ ಲಾಗ್‌ನಲ್ಲಿ ಗೆರೆ ಎರಡು ನಿಮಿಷದೊಳಗೆ ಕೆಳಗೆ ಬೀಳುತ್ತಾ ಅಂತ.

ನಿನ್ನೆ ಅಪ್ಪ ಬೇಜಾರಾಗಿ, ದಿನಾ ರಾತ್ರಿ ಒದ್ದಾಡ್ತೀಯ, ನಾಳೆ ಸಂತೆಗೆ ಹೋದಾಗ ರೂಟರ್‌ಗೆ ಒಂದು ಯುಪಿಎಸ್ ತರ್ತೀನಿ ಕಣೋ ಅಂದರು. ಬೇಡ ಅಪ್ಪ, ಇನ್ನೊಂದು ವಾರ ಕರೆಂಟ್ ಹೋಗ್ತಾನೇ ಇರಲಿ ಅಂದೆ. ಅವರು ಅಮ್ಮನ ಮುಖ ನೋಡಿದರು.